ಒಪ್ಪಿಗೆಯೋ, ಒದ್ದೆ ಕೈಯೋ

ರೈಲು ಹಳಿಯ ಮೇಲೆ ನಾನು ಈ ಬೇಸಿಗೆಯ ತನಕ ಹದಿನಾಲ್ಕು ಸಲ ಕೂತಿದ್ದೆ. ರೈಲಿನ ಒಳಗೆ ಕೂತು ಒಂದೇ ಒಂದು ಸಲ ರಜೆಗೆ ಹೋಗುತ್ತೇನೆಂದರೆ ಮಾತ್ರ ನನ್ನ ಮನೆಯವರಿಗೆ ಸಹಿಸಲಾಗಲಿಲ್ಲ.

ನಮ್ಮ ವೆಂಡ್‌ಲ್ಯಾಂಡ್ ಸೀಮೆಯಲ್ಲಿ ಹಳಿಯ ಮೇಲೆ ಕೂರುವುದೇನೂ ದೊಡ್ಡ ಸಂಗತಿಯಲ್ಲ. ಅಣುತ್ಯಾಜ್ಯ ಹೊತ್ತ ರೈಲು ಬಂದಾಗಲೆಲ್ಲ ಊರಿಗೆ ಊರೇ ಕೂರುತ್ತಿತ್ತು. ಪಾದ್ರಿ ಕೂತರು, ಸೂಲಗಿತ್ತಿ ಕೂತಳು, ಆಲೂಗಡ್ಡೆ ಬೆಳೆಯುವವರು ಟ್ರ್ಯಾಕ್ಟರ್ ಅಡ್ಡ ಹಾಕಿ ಕೂತರು. ನವೆಂಬರಿನ ಹಿಮದಲ್ಲಿ ಕಬ್ಬಿಣಕ್ಕೆ ಅಂಟಿದ ಅಂಡು ನನ್ನದು. ಹೋರಾಟ ಗೆದ್ದಿತು, ಮೂಲವ್ಯಾಧಿ ಬಂತು. (ಎರಡರಲ್ಲಿ ಯಾವುದು ಈಗಲೂ ಉಳಿದಿದೆ ಎಂದು ಕೇಳಬೇಡಿ.) ಆಮೇಲೆ ನಮ್ಮ ಒಂದೇ ಬೋಗಿಯ ಪುಟ್ಟ ರೈಲನ್ನೇ ನಿಲ್ಲಿಸುತ್ತಾರೆಂಬ ಸುದ್ದಿ ಹಬ್ಬಿತು. ಅಷ್ಟು ವರ್ಷ ರೈಲು ಬರಬಾರದೆಂದು ಕೂತವರು, ರೈಲು ಬರಲೇಬೇಕೆಂದು ಎದ್ದೆವು. ‘ರೈಲು ಉಳಿಸಿ ಸಮಿತಿ’ಗೆ ನಾನೇ ಅಧ್ಯಕ್ಷ. ‘ಈ ಬೇಸಿಗೆ ರಜೆಗೆ ಕಾರು ಹತ್ತುವುದಿಲ್ಲ’ ಎಂಬ ಪ್ರತಿಜ್ಞಾಪತ್ರಕ್ಕೆ ಇನ್ನೂರ ಹನ್ನೆರಡು ಜನ ಸಹಿ ಹಾಕಿದರು. ಮೊದಲ ಸಹಿ ಎಕ್‌ಹಾರ್ಟ್ ಬ್ರೂನಿಂಗ್, ಅಂದರೆ ನಾನು; ಕೆಳಗೆ ಎರಡು ಗೆರೆ ಬೇರೆ. ಕಾರಿನ ಕಿಟಕಿಯಲ್ಲಿ ನನ್ನ ತಲೆ ಕಂಡರೆ ಆ ತಲೆಗೆ ಊರಲ್ಲಿ ಮೂರು ಕಾಸಿನ ಬೆಲೆ ಇರುವುದಿಲ್ಲ.

ಸಹಿ ಹಾಕದವಳು ನನ್ನ ಹೆಂಡತಿ ವೀಬ್ಕೆ.

ನಾವು ಹೋಗಬೇಕಾಗಿದ್ದು ಇಟಲಿಯ ಗಾರ್ದಾ ಸರೋವರಕ್ಕೆ. ಎಂಬತ್ತೊಂದು ವರ್ಷದ ನನ್ನ ಅತ್ತೆ ಆಲ್ಮುಟ್‌ಗೆ ಆ ನೀರಿನಲ್ಲಿ ಕಾಲು ಇಳಿಬಿಡಬೇಕಂತೆ. ಅತ್ತೆಯ ಸೊಂಟ ಬಗ್ಗುವುದಿಲ್ಲ. ಕಮೋಡಿನ ಮೇಲೆ ಇಡುವ, ನಡುವೆ ತೂತಿರುವ ಎತ್ತರದ ಪ್ಲಾಸ್ಟಿಕ್ ಪೀಠವೊಂದಿದೆ. ಅದಿಲ್ಲದೆ ಅವರು ಪಕ್ಕದೂರಿನ ಮದುವೆಗೂ ಹೊರಡುವವರಲ್ಲ. ನಾಲ್ಕು ಕಡೆ ರೈಲು ಬದಲಿಸುವಾಗ ಆ ಪೀಠವನ್ನು ಹೊರುವ ಪುಣ್ಯಾತ್ಮ ಯಾರು ಎಂಬುದು ವೀಬ್ಕೆಯ ಪ್ರಶ್ನೆ. ನಾನೇ ಹೊರುತ್ತೇನೆ ಎಂದೆ. ನಿನ್ನ ಸವೆದ ಮಂಡಿಯನ್ನು ಹೊರುವವರು ಯಾರು ಎಂದಳು. ಗೃಹಮಹಾಸಭೆ ಕರೆಯಲೇಬೇಕಾಯಿತು.

ನಮ್ಮ ಮನೆಯಲ್ಲಿ ಮತ ಎಣಿಸುವುದಿಲ್ಲ. ಹಳಿಯ ಮೇಲೆ ಕಲಿತ ಪದ್ಧತಿಯಂತೆ ಎಲ್ಲರೂ ಒಪ್ಪಬೇಕು. ಒಪ್ಪಿಗೆಯಿದ್ದರೆ ಎರಡೂ ಕೈ ಮೇಲೆತ್ತಿ ಬೆರಳು ಅಲ್ಲಾಡಿಸಬೇಕು. ಅನುಮಾನವಿದ್ದರೆ ಅಂಗೈ ಕೆಳಗೆ. ಸತ್ತರೂ ಒಪ್ಪುವುದಿಲ್ಲವೆಂದರೆ ಮುಷ್ಟಿಗಳೆರಡೂ ಎದೆಯ ಮೇಲೆ ಅಡ್ಡ; ಆಮೇಲೆ ಸ್ವತಃ ಪೋಪ್ ಬಂದರೂ ನಿರ್ಣಯವಿಲ್ಲ.

ಹದಿನೇಳರ ಮಗಳು ಫೆನ್ಯಾ ಸಭೆ ನಡೆಸಿದಳು. ರೈಲು ಎಂದಾಗ ನಾನು ಬೆರಳು ಅಲ್ಲಾಡಿಸಿದೆ, ಅವಳೂ ಅಲ್ಲಾಡಿಸಿದಳು. ವೀಬ್ಕೆಯ ಅಂಗೈ ಕೆಳಗಿತ್ತು. ಬರೀ ಅನುಮಾನದಿಂದ ನಿರ್ಣಯ ನಿಲ್ಲುವುದಿಲ್ಲ. ಅಷ್ಟರಲ್ಲಿ ಮೂಲೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ ಅತ್ತೆ ಎರಡೂ ಕೈ ಮೇಲೆತ್ತಿ ಚೆನ್ನಾಗಿ ಅಲ್ಲಾಡಿಸಿದರು. ನಾನು ಸರ್ವಸಮ್ಮತಿ ಘೋಷಿಸಿದೆ.

“ಒಪ್ಪಿಗೆ ಅಲ್ಲ ಮಾರಾಯ, ಒದ್ದೆ,” ಎಂದಳು ವೀಬ್ಕೆ. “ಅಮ್ಮ ಬಕೆಟ್ಟಿಂದ ಕೈ ತೆಗ್ದು ನೀರು ಒದರಿದ್ದು.”

ಅತ್ತೆಗೆ ಎಡಗಿವಿ ಕೇಳಿಸದು. ಬಲಗಿವಿಗೆ ಕೂಗಿ ಕೇಳಿದರೆ, ಸಿಪ್ಪೆ ಹಂದಿಗೆ ಹಾಕಿ ಎಂದರು.

ಮರುದಿನ ಅತ್ತೆಯ ಕೈ ಒರೆಸಿ ಸಭೆ ಕೂರಿಸಿದೆವು. ಈ ಸಲ ಅವರು ಎರಡೂ ಮುಷ್ಟಿ ಎದೆಗೆ ಅಡ್ಡ ಹಿಡಿದರು. ವೀಬ್ಕೆಯ ಮುಖ ಅರಳಿತು. “ಕಿಟಕಿ ಹಾಕ್ರಪ್ಪ, ಚಳಿ,” ಎಂದರು ಅತ್ತೆ. ಫೆನ್ಯಾ ನಡಾವಳಿಯಲ್ಲಿ ‘ವಿರೋಧ (ಚಳಿ)’ ಎಂದು ಬರೆದುಕೊಂಡಳು.

ಮೂರನೆಯ ಸಭೆಯ ಹೊತ್ತಿಗೆ ಎಲ್ಲ ಕಲಸುಮೇಲೋಗರ. ನನ್ನ ಮಾನದ ಮೇಲೆ ಕನಿಕರ ಬಂದು ವೀಬ್ಕೆ ರೈಲಿನ ಪರ ವಾದಿಸತೊಡಗಿದಳು. ನನ್ನ ಮಂಡಿಯ ಮೇಲೆ ನನಗೇ ಕನಿಕರ ಬಂದು ನಾನು ಕಾರಿನ ಪರ ಒಂದೆರಡು ಮಾತಾಡಿದೆ. ಅವಳು ನನ್ನ ಹಳೆಯ ವಾದಗಳಿಂದ ನನ್ನನ್ನೇ ಹೊಡೆದಳು. ಅವು ಅಷ್ಟು ಗಟ್ಟಿಯಾಗಿವೆಯೆಂದು ನನಗೆ ಗೊತ್ತೇ ಇರಲಿಲ್ಲ.

“ಅಪ್ಪ, ಈಗ ನೀನು ಯಾವ ಕಡೆ?” ಎಂದಳು ಫೆನ್ಯಾ.

“ನಾನು ಮೊದಲಿದ್ದ ಕಡೆ.”

“ಅಲ್ಲಿ ಈಗ ಅಮ್ಮ ಇದಾಳಲ್ಲ.”

ಕಡೆಗೆ ನಮ್ಮೆಲ್ಲರ ಕೈ ಒಟ್ಟಿಗೆ ಅಲ್ಲಾಡಿತು. ರೈಲು. ಅತ್ತೆ ಕಿಟಕಿ ಪಕ್ಕದ ಸೀಟು ಕೊಟ್ಟರೆ ನರಕಕ್ಕಾದರೂ ಬರುತ್ತೇನೆಂದರು.

ಶನಿವಾರ ಬೆಳಗ್ಗೆ ಮೂಟೆ ಕಟ್ಟಿ, ಪೀಠ ಹೊತ್ತು, ಮನೆಯೆದುರಿನ ಪುಟ್ಟ ನಿಲ್ದಾಣಕ್ಕೆ ಬಂದರೆ ಅಲ್ಲೊಂದು ಚೀಟಿ: ಇಂದು ರೈಲಿಲ್ಲ, ಬದಲಿಗೆ ಒಂಬತ್ತಕ್ಕೆ ಬಸ್ಸು. ಒಂಬತ್ತರ ಬಸ್ಸು ಹಿಡಿದರೆ ಲ್ಯೂನೆಬುರ್ಗಿನಲ್ಲಿ ಮ್ಯೂನಿಕ್ ರೈಲು ತಪ್ಪುತ್ತದೆ. ವೀಬ್ಕೆ ಹೋಗಿ ಕಾರು ತಂದಳು. ನಿಲ್ದಾಣದ ಬೆಂಚಿನಲ್ಲೇ ತುರ್ತುಸಭೆ ನಡೆಯಿತು: ಲ್ಯೂನೆಬುರ್ಗ್ ತನಕ ಮಾತ್ರ ಕಾರು, ಅಲ್ಲಿಂದ ರೈಲು. ಊರ ಎಲ್ಲೆ ದಾಟುವವರೆಗೆ ಅಧ್ಯಕ್ಷರು ಹಿಂದಿನ ಸೀಟಿನ ಕೆಳಗೆ, ಅತ್ತೆಯ ಕಾಲಬುಡದಲ್ಲಿ, ಬಾತಿನ ಗರಿಯ ರಜಾಯಿಯೊಳಗೆ. ಜಾಗ ಸಾಲದ್ದರಿಂದ ಪೀಠವನ್ನು ನನ್ನ ಕೊರಳಿಗೇ ತೊಡಿಸಿದರು. ಅತ್ತೆ ಚೆರ್ರಿ ಹಣ್ಣಿನ ಬೋಗುಣಿಯನ್ನು, ತೊಳೆದ ನೀರಿನ ಸಮೇತ, ತೊಡೆಯ ಮೇಲಿಟ್ಟುಕೊಂಡರು. ನಾನು ಫೋನು ಆರಿಸಿಬಿಟ್ಟೆ.

ಎರಡು ಕಿಲೋಮೀಟರ್ ಹೋಗಿಲ್ಲ, ಕಾರು ನಿಂತಿತು.

“ಯಾಕೆ?” ಎಂದೆ ರಜಾಯಿಯೊಳಗಿಂದ.

“ಗೇಟಿನ ಹತ್ರ ಹಳಿ ಮೇಲೆ ಜನ ಕೂತಿದಾರೆ,” ಎಂದಳು ವೀಬ್ಕೆ.

“ಯಾರ ಜನ?”

“ನಿನ್ನ ಜನ.”

ನನಗೆ ಮಾರ್ಚ್ ತಿಂಗಳಿನ ಸುತ್ತೋಲೆ ನೆನಪಾಯಿತು. ‘ಒಂದು ದಿನ ರೈಲು ನಿಂತರೂ ಒಂದು ಗಂಟೆಯೊಳಗೆ ರಸ್ತೆ ದಾಟುವ ಹಳಿಯ ಮೇಲೆ ಕೂರತಕ್ಕದ್ದು. ಬಸ್ಸನ್ನಾಗಲಿ ಕಾರನ್ನಾಗಲಿ ಬಿಡತಕ್ಕದ್ದಲ್ಲ. ಎಲ್ಲರ ಬೆರಳು ಅಲ್ಲಾಡುವ ತನಕ ಏಳತಕ್ಕದ್ದಲ್ಲ.’ ಬರೆದವನು ನಾನೇ. ಮನೆಯ ಮೂರು ಸಭೆಗಳ ಗಲಾಟೆಯಲ್ಲಿ ಅದು ಪೂರ್ತಿ ಮರೆತೇಹೋಗಿತ್ತು.

ಉಪಾಧ್ಯಕ್ಷೆ ಗೇಶೆ ಕಿಟಕಿಗೆ ಬಂದಳು. ಫೆನ್ಯಾ ಹುಟ್ಟುವಾಗ ಹೆರಿಗೆ ಮಾಡಿಸಿದ ಸೂಲಗಿತ್ತಿ ಅವಳು. ಅವಳ ಕಣ್ಣು ತಪ್ಪಿಸಿ ನಮ್ಮೂರಲ್ಲಿ ಯಾರೂ ಹುಟ್ಟಿಲ್ಲ.

“ವೀಬ್ಕೆ, ನಿನ್ನ ಗಂಡ ಎಲ್ಲೇ? ನಾಲ್ಕು ಸಲ ಫೋನ್ ಮಾಡ್ದೆ. ಇಂಥಾ ದಿನ ಅವನಿಲ್ದೆ ಕೂತ್ರೆ ಉಪ್ಪಿಲ್ಲದ ಆಲೂಗಡ್ಡೆ ತಿಂದಂಗೆ.”

ನನಗಾಗಿ ಪೊಲೀಸರ ಮುಂದೆಯೂ ಸುಳ್ಳು ಹೇಳದ ನನ್ನ ಹೆಂಡತಿ ಅಂದು ಹೇಳಿದಳು. “ರೈಲಲ್ಲಿ ಹೋದ.”

“ಯಾವ ರೈಲಲ್ಲಿ? ಇವತ್ತು ರೈಲೇ ಇಲ್ಲ ಅಂತ ತಾನೆ ನಾವು ಕೂತಿರೋದು?”

ಅತ್ತೆಯ ಬಲಗಿವಿ ಕಿಟಕಿಯ ಕಡೆಗಿತ್ತು. “ಎಕ್‌ಹಾರ್ಟಾ? ನನ್ನ ಕಾಲಡಿ ಇದಾನೆ,” ಎಂದರು. “ಬೆಚ್ಚಗಿದಾನೆ.”

ರಜಾಯಿ ಎದ್ದಿತು. ಮೂವತ್ತು ಜನ ಸಂಗಾತಿಗಳು ಇಣುಕಿದರು. ನಾನು ಕೊರಳಲ್ಲಿ ಕಮೋಡು ತೊಟ್ಟು ಕೂತಿದ್ದೆ.

“ದಾರಿ ಬಿಡ್ರಪ್ಪ,” ಎಂದಳು ಗೇಶೆ. “ಅಧ್ಯಕ್ಷರು ಪೀಠ ಸಮೇತ ಬಂದಿದಾರೆ.”

ಲ್ಯೂನೆಬುರ್ಗ್ ತನಕ ಮಾತ್ರ ಎಂದು ನಾನು ಪರಿಪರಿಯಾಗಿ ವಿವರಿಸಿದೆ. ಅವರು ಹಳಿಯ ಮೇಲೇ ಸಭೆ ಶುರುಮಾಡಿದರು. ನನ್ನ ಮಗಳೇ ಇಳಿದುಹೋಗಿ ನಡೆಸಿಕೊಟ್ಟಳು. ಒಂದೂವರೆ ಗಂಟೆ ಹಿಡಿಯಿತು. ಮ್ಯೂನಿಕ್ ರೈಲು ಹೋಗಿಯೇಬಿಟ್ಟಿತ್ತು. ಇನ್ನು ಗಾರ್ದಾದ ತನಕ ಕಾರೇ ಗತಿ ಎಂದಾಗ ನಿರ್ಣಯ ಸುಲಭವಾಯಿತು: ಎಂಬತ್ತೊಂದರ ಅಜ್ಜಿಯನ್ನು ತಡೆಯುವುದು ಪಾಪ, ಕಾರು ಹೋಗಲಿ. ಪ್ರತಿಜ್ಞೆ ಮಾಡಿದ ಅಧ್ಯಕ್ಷರು ಇಲ್ಲೇ ಇರಲಿ. ಪೀಠ ಅಜ್ಜಿಯ ಜೊತೆ ಹೋಗಲಿ.

ನಾನು ಎರಡೂ ಮುಷ್ಟಿ ಎದೆಗೆ ಅಡ್ಡ ಹಿಡಿದೆ.

ಗೇಶೆ ಸುತ್ತೋಲೆ ತೆಗೆದು ಏಳನೆಯ ಕಲಮು ಓದಿದಳು: ತನ್ನದೇ ವಿಷಯದಲ್ಲಿ ಯಾವನಿಗೂ ತಡೆಯುವ ಹಕ್ಕಿಲ್ಲ. ಕೆಳಗೆ ಎರಡು ಗೆರೆ.

ಬೆರಳುಗಳು ಅಲ್ಲಾಡಿದವು, ಮೂವತ್ತು ಜನರದ್ದೂ. ನಾನು ವೀಬ್ಕೆಯ ಕಡೆ ನೋಡಿದೆ. ಅವಳ ಕೈ ಸ್ಟೀರಿಂಗ್ ಮೇಲಿತ್ತು. ಅವಳಾದರೂ ಎತ್ತಲಾರಳು ಎಂದುಕೊಂಡೆ. ಒಂದೊಂದಾಗಿ ಎತ್ತಿದಳು. ಅಲ್ಲಾಡಿಸಿದಳು.

ಹದಿನೈದನೆಯ ಸಲ ಹಳಿಯ ಮೇಲೆ ಕೂತೆ. ಯಾರೋ ಹುಲ್ಲು ತುಂಬಿದ ಚೀಲ ಕೊಟ್ಟರು, ನನ್ನ ಮೂಲವ್ಯಾಧಿ ಎಲ್ಲರಿಗೂ ಗೊತ್ತು. ಜನ ಸರಿದು ದಾರಿ ಮಾಡಿದರು, ಕಾರು ನನ್ನ ಪಕ್ಕದಲ್ಲೇ ಮೆಲ್ಲಗೆ ಹಳಿ ದಾಟಿತು. ಹಿಂದಿನ ಕಿಟಕಿಯಿಂದ ಅತ್ತೆಯ ಎರಡೂ ಕೈ ಹೊರಬಂದವು, ಹತ್ತೂ ಬೆರಳು ಅಲ್ಲಾಡಿದವು. ನಿರ್ಣಯಕ್ಕೆ ಒಪ್ಪಿಗೆಯೋ, ಅಳಿಯನಿಗೆ ಟಾಟಾವೋ ಎಂದು ಯೋಚಿಸುತ್ತಿರುವಾಗಲೇ ನನ್ನ ಹಣೆಗೆ ತಣ್ಣಗೆ ಎರಡು ಹನಿ ಬಿತ್ತು.

ಗೇಶೆಯ ಕೆನ್ನೆಗೂ ಒಂದು ಬಿದ್ದಿರಬೇಕು, ಆಕಾಶ ನೋಡಿದಳು. “ಮಳೆ ಬಂತಾ?”

“ಇಲ್ಲ,” ಎಂದೆ. “ಚೆರ್ರಿ ತೊಳೆದ ನೀರು.”