ಸೆತ್ತಿಮಿಯೋನ ಎಡಗಾಲು

ಮೊಂತೆರೋವೊ ಊರಿನಲ್ಲಿ ಮಣ್ಣಿನ ಕಾಲುಗಳೆಲ್ಲ ಸರಕಾರದ ಸ್ವತ್ತು. ಇದಕ್ಕೆ ಕಾರಣವಿದೆ. ಗುಡ್ಡದ ಮೇಲೆ ಮರಿಯ ಮಾತೆಯ ಇಗರ್ಜಿ, ಕೆಳಗೆ ರೋಮನ್ನರ ಪಾಳುಗುಡಿ. ಕಾಲು ವಾಸಿಯಾದವರು ಮಣ್ಣಿನ ಕಾಲು ಮಾಡಿಸಿ ಮಾತೆಯ ಗೋಡೆಗೆ ತೂಗುಹಾಕುವುದು ನಮ್ಮ ವಾಡಿಕೆ. ರೋಮನ್ನರೂ ಕೆಳಗಿನ ದೇವರಿಗೆ ಇದನ್ನೇ ಮಾಡುತ್ತಿದ್ದರು. ಹಾಗಾಗಿ ಅಲ್ಲಿ ಎಲ್ಲಿ ಅಗೆದರೂ ಕಾಲು; ನೆಲದಲ್ಲಿ ಸಿಕ್ಕ ಹಳೆಯದೆಲ್ಲ ಸರಕಾರದ್ದು.

ಆಲಿವ್ ಮರದಿಂದ ಬಿದ್ದು ಮುರಿದಿದ್ದ ಸೆತ್ತಿಮಿಯೋನ ಎಡಗಾಲು ಕೂಡಿಕೊಂಡಾಗ, ಮಾತೆಯ ಆಗಸ್ಟ್ ಹಬ್ಬದೊಳಗೆ ಹರಕೆ ತೀರಿಸದಿದ್ದರೆ ಅದು ಮತ್ತೆ ಮುರಿಯುತ್ತದೆಂದು ಹೆಂಡತಿ ಅಸ್ಸುಂತೀನಾ ನಂಬಿದ್ದಳು. ಕುಂಬಾರನಿಂದ ಕಾಲು ಮಾಡಿಸಿಕೊಂಡು ಪಾಳುಗುಡಿಯ ಒಳದಾರಿಯಲ್ಲಿ ಹೊರಟಳು. ಪುರಾತನ ವಸ್ತು ಕಚೇರಿಯ ಅಧಿಕಾರಿ ಬಾಲ್ದಿ ಅಡ್ಡಗಟ್ಟಿದ.

"ಚೀಲದಲ್ಲೇನಮ್ಮಾ?"

"ನಮ್ಮೆಜಮಾನ್ರ ಕಾಲು."

"ಯಾವ ಶತಮಾನದ್ದು?"

"ಇವತ್ತು ಬೆಳಗ್ಗೇದು, ಸಾಹೇಬ್ರೇ. ಮುಟ್ಟಿ ನೋಡಿ, ಇನ್ನೂ ಬಿಸಿ ಇದೆ."

"ಎರಡು ಸಾವಿರ ವರ್ಷ ಬಿಸಿಲಲ್ಲಿ ಬಿದ್ದಿದ್ರೆ ಬಿಸಿ ಆಗದೆ ಇರುತ್ತಾ?"

ಕಾಲು ಕಚೇರಿ ಸೇರಿತು. ಮರುದಿನ ಪ್ರಕಟಣೆ ಹೊರಟಿತು: "ಕ್ರಿಸ್ತಪೂರ್ವ ಎರಡನೆಯ ಶತಮಾನದ ಎಡಗಾಲು ಪತ್ತೆಯಾಗಿದೆ. ಸೊಟ್ಟ ಕಿರುಬೆರಳು ಅಂದಿನ ಶಿಲ್ಪಿಗಳ ಅಪೂರ್ವ ಕಲ್ಪನೆಗೆ ಸಾಕ್ಷಿ."

ಇನ್ನೊಂದು ಮಾಡಿಸೋಣವೆಂದರೆ ಕುಂಬಾರನ ಆವಿಗೆಗೆ ಕಚೇರಿಯ ಬೀಗ ಬಿದ್ದಿತ್ತು. ಅಷ್ಟು ಹಳೆಯ ಕಾಲನ್ನು ಸುಟ್ಟ ಆವಿಗೆ ಇನ್ನೆಷ್ಟು ಹಳೆಯದಿರಬೇಕು!

ಅಸ್ಸುಂತೀನಾ ಗಂಡನನ್ನೇ ಕಚೇರಿಗೆ ಎಳೆದು ತಂದಳು. "ರೀ, ಕಾಲ್ಚೀಲ ತೆಗೀರಿ. ಆ ಸೊಟ್ಟ ಬೆರಳು ತೋರಿಸ್ರಿ ಇವರಿಗೆ."

ಬಾಲ್ದಿ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ. "ಒಪ್ಪಿದೆ. ಇದು ಅದೇ ಕಾಲು."

"ಹಾಗಾದ್ರೆ ವಾಪಸ್ ಕೊಡಿ."

"ಹೇಗಮ್ಮಾ ಕೊಡೋದು? ಅದೇ ಕಾಲು ಅಂದ್ಮೇಲೆ ಇದೂ ಸರಕಾರದ್ದೇ. ತಂದೊಪ್ಪಿಸಿದ್ದಕ್ಕೆ ಧನ್ಯವಾದ."

"ನಾನು ಮನೆಗೆ ಹೋಗೋದು ಹೇಗೆ?" ಎಂದ ಸೆತ್ತಿಮಿಯೋ.

"ನಡ್ಕೊಂಡೇ ಹೋಗಿ, ಬೇಡ ಅನ್ನಲ್ಲ. ಏಣಿ ಹತ್ತಬಾರದು, ಊರು ಬಿಡಬಾರದು. ಉಗುರು ಕತ್ತರಿಸೋಕೆ ಅನುಮತಿ ಬೇಕು."

ಅಸ್ಸುಂತೀನಾ ಪಾದ್ರಿ ಎತ್ಸಿಯೋ ಬಳಿಗೆ ಓಡಿದಳು. "ಫಾದರ್, ನಾಳೆ ಹಬ್ಬ. ನನ್ನ ಕೈಯಲ್ಲಿ ಕಾಲಿಲ್ಲ."

"ಅಳಬೇಡ ತಾಯಿ. ಮಣ್ಣಿಂದೇ ಬೇಕು ಅಂತ ಮಾತೆ ಎಲ್ಲಿ ಹೇಳಿದ್ದಾಳೆ?"

ಹಬ್ಬದ ದಿನ ಸೆತ್ತಿಮಿಯೋನನ್ನು ಬೆಂಚಿನ ಮೇಲೆ ಮಲಗಿಸಿ, ಎಡಗಾಲನ್ನು ಗೋಡೆಯ ಕೊಕ್ಕೆಗೆ ತೂಗುಹಾಕಲಾಯಿತು. ಭಕ್ತರು ಸಾಲುಗಟ್ಟಿ ಮುತ್ತಿಟ್ಟರು. ಬಾಲ್ದಿ ಬಂದು, ಕಾಲನ್ನು ಇಗರ್ಜಿಗೆ ಎರವಲು ಕೊಟ್ಟಿರುವುದಾಗಿ ಘೋಷಿಸಿ, ಸುತ್ತ ಹಗ್ಗ ಕಟ್ಟಿಸಿದ.

"ಹಗ್ಗ ಸ್ವಲ್ಪ ಆಚೆ ಕಟ್ರಿ," ಎಂದ ಸೆತ್ತಿಮಿಯೋ, "ಕಚಗುಳಿ ಆಗುತ್ತೆ."

"ವಸ್ತುಗಳು ಮಾತಾಡಬಾರದು," ಎಂದ ಬಾಲ್ದಿ.

ಹಬ್ಬ ಮುಗಿದರೂ ಕಾಲು ಕೊಕ್ಕೆಯಲ್ಲೇ ಇದೆ. ಈಗ ಬಸ್ಸುಗಳಲ್ಲಿ ಬರುವ ಪ್ರವಾಸಿಗರು ಕೆಳಗೆ ಪಾಳುಗುಡಿ ನೋಡಿ, ಮೇಲೆ ಬಂದು ಕಾಲು ನೋಡುತ್ತಾರೆ. ಮಿಲಾನಿನ ಹೆಂಗಸೊಬ್ಬಳು ಬೆರಗಾಗಿ ಕೇಳಿದಳು: "ಎಷ್ಟು ಚೆನ್ನಾಗಿ ಉಳಿದಿದೆ! ಮಿಕ್ಕ ಭಾಗ ಯಾವ ಕಾಲದ್ದು?"

"ಅದು ಆಮೇಲೆ ಸೇರಿಸಿದ್ದು," ಎಂದ ಬಾಲ್ದಿ. "ಅಷ್ಟೇನೂ ಮುಖ್ಯ ಅಲ್ಲ."

ಸೆತ್ತಿಮಿಯೋಗೂ ಹಾಗೇ ಅನ್ನಿಸತೊಡಗಿದೆ.

ಆಲಿವ್ ಕೊಯ್ಲಿಗೆ ಅಸ್ಸುಂತೀನಾ ಒಬ್ಬಳೇ ಏಣಿ ಹತ್ತಿದಳು. ಬೇಸರವಿಲ್ಲ. ಹರಕೆ ಫಲಿಸಿದೆ ಎಂದು ಊರೆಲ್ಲ ಒಪ್ಪಿದೆ: ಈ ವರ್ಷ ಸೆತ್ತಿಮಿಯೋ ಮರದಿಂದ ಬೀಳಲಿಲ್ಲ.