ಬೀಗರ ಮುಂದೊಂದು ಕೊಲೆ

ದತ್ತಾತ್ರಿಯ ಬಾಯಿಯನ್ನು ಬೀದರ ಕೋಟೆಯ ಹೆಬ್ಬಾಗಿಲಿಗೆ ಹೋಲಿಸಬಾರದು, ಕೋಟೆಯದಕ್ಕೆ ಮುಚ್ಚಿಕೊಳ್ಳುವುದಾದರೂ ಗೊತ್ತು ಎಂಬುದು ಅವನ ಹೆಂಡತಿ ಸತ್ಯಮ್ಮನ ಖಾಯಂ ದೂರು. ಮಗಳು ಮೇಘಾಳನ್ನು ನೋಡಲು ಹಿಂದೆ ಬಂದಿದ್ದ ವರ ಇವನ ಮಾತು ಕೇಳುತ್ತ ಕೇಳುತ್ತ ಮುದುಕನಾಗಿ ಎದ್ದುಹೋದನಂತೆ. (ದತ್ತಾತ್ರಿಯ ಪ್ರಕಾರ ಆ ಹುಡುಗನ ಕೂದಲು ಬರುವಾಗಲೇ ಬೆಳ್ಳಗಿತ್ತು.) ಹೀಗಾಗಿ ಈ ಸಲ ಭಾಲ್ಕಿಯ ಬೀಗರು ಮೈಲೂರಿನ ಮನೆಯ ಹೊಸ್ತಿಲು ತುಳಿಯುವ ಮುನ್ನವೇ ಸತ್ಯಮ್ಮನ ಫರ್ಮಾನು ಹೊರಟಿತ್ತು. ಈ ಸಂಬಂಧವೂ ತಪ್ಪಿದರೆ ಮಗಳಿಗೆ ಮನೆ ಹುಡುಕುವುದು ಆಮೇಲೆ, ಮೊದಲು ಗಂಡ ತನಗೊಂದು ಮನೆ ಹುಡುಕಿಕೊಳ್ಳಬೇಕು.

ಬೀಗರು ಬಂದರು. ಹುಡುಗ ಸುಮಿತ ಬಂಗಾರ. ಅವನ ತಾಯಿ ಚಂದ್ರಭಾಗಾಬಾಯಿ ಬಂಗಾರದ ಮೇಲಿನ ಪಾಲಿಶ್ಶು. ಆದರೆ ಮಾತು ಮುಂದೆ ಹೋಗುವಂತಿರಲಿಲ್ಲ. ಹುಡುಗನ ಸೋದರಮಾವ ಬಂದು ಹೂಂ ಅನ್ನುವ ತನಕ ಸಂಬಂಧದ ಸುದ್ದಿ ಎತ್ತಬಾರದೆಂಬುದು ಅವರ ಮನೆತನದ ಪದ್ಧತಿ. ಆ ಸೋದರಮಾವ ಶಿವಕಾಂತ, ಔರಾದ ತಾಲೂಕಿನ ಡಾಬಕಾದಲ್ಲಿ ಕುರಿ ಹಿಂಡುಗಳ ಯಜಮಾನ. ಅವನು ಕೂತಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು.

ಕೋಣೆಯಲ್ಲಿ ಎಂಥ ಮೌನವೆಂದರೆ ಗೋಡೆಯ ಹಲ್ಲಿ ಕೂಡ ಲೊಚಗುಟ್ಟಲು ಅಪ್ಪಣೆ ಕೇಳುತ್ತಿತ್ತು. ದತ್ತಾತ್ರಿಯ ನಾಲಿಗೆ ತುರಿಸತೊಡಗಿತು. ಆಗಲೇ ಅವನ ತಲೆಯಲ್ಲಿ ದೀಪ ಹತ್ತಿತು. ಟಿವಿಯಲ್ಲೊಂದು ಸಿನಿಮಾ ಹಾಕಿದರೆ ಅದೇ ಮಾತಾಡುತ್ತದೆ, ತಾನು ಆಡಬೇಕಾಗಿಲ್ಲ. ಸತ್ಯಮ್ಮ ಭಕ್ತಿಯ ಚಿತ್ರ ಹಾಕಿರೆಂದು ಸನ್ನೆ ಮಾಡಿದಳು. ಅವನು ತನ್ನ ಪ್ರಾಣಕ್ಕಿಂತ ಹೆಚ್ಚಿನ ಹಳೆಯ ಕೋರ್ಟಿನ ಚಿತ್ರ ಹಾಕಿದ. ಕಾನೂನೆಂದರೆ ಅವನಿಗೆ ಪ್ರಾಣ. ಹಿಂದೊಮ್ಮೆ ಎಮ್ಮೆಯ ವ್ಯಾಜ್ಯದಲ್ಲಿ ಸಾಕ್ಷಿ ಹೇಳಿದಾಗ ಜಡ್ಜ್ ಸಾಹೇಬರು "ಸಾಕು, ಇಳೀರಿ" ಅಂದದ್ದನ್ನು ಅವನು ಇಂದಿಗೂ ಪ್ರಶಂಸಾಪತ್ರವೆಂದೇ ತಿಳಿದಿದ್ದಾನೆ.

ಚಿತ್ರದಲ್ಲಿ ಒಬ್ಬ ಸಾಹುಕಾರ ಊಟ ಮಾಡಿ ಮಲಗಿದವನು ಏಳುವುದಿಲ್ಲ. ಹೊಟ್ಟೆಯಲ್ಲಿ ವಿಷ. ಅಡುಗೆ ಮಾಡಿದವಳು ಸೊಸೆ, ಬಡಿಸಿದವಳು ಅವನ ಹೆಂಡತಿ, ಅಂದರೆ ಸೊಸೆಯ ಅತ್ತೆ, ಪಕ್ಕದಲ್ಲಿ ಕೂತು ಉಂಡವನು ಅತ್ತೆಯ ತಮ್ಮ. ಊಟಕ್ಕೆ ಮುಂಚೆ ನಗುನಗುತ್ತ ಒಂದೇ ಸಮನೆ ಮಾತಾಡಿ, ಪೇಡೆಯ ಡಬ್ಬಿ ಕೊಟ್ಟು, ಬಸ್ಸಿಗೆ ಹೊತ್ತಾಯಿತೆಂದು ಓಡಿದವನು ಸೊಸೆಯ ಅಪ್ಪ. ಶಿವಕಾಂತ ಒಳಗೆ ಬರುವ ಹೊತ್ತಿಗೆ ಸೊಸೆ ಕಟಕಟೆಯಲ್ಲಿ ಅಳುತ್ತಿದ್ದಳು. ಆ ಕಣ್ಣೀರಿಗೆ ಕಾರಂಜಾ ಡ್ಯಾಮಿನ ಗೇಟು ತೆಗೆಯಬೇಕು. ದತ್ತಾತ್ರಿ ಹಿಂದಿನ ಕಥೆಯನ್ನೆಲ್ಲ ಅವನ ಕಿವಿಯಲ್ಲಿ ಸುರಿದ. ಕೊನೆಗೆ ಜಡ್ಜ್ ಸಾಕ್ಷಿ ಸಾಲದೆಂದು ಸೊಸೆಯನ್ನು ಬಿಟ್ಟುಬಿಟ್ಟರು. ಕೊಂದವರು ಯಾರೆಂದು ಹೇಳದೆಯೇ ಪರದೆಯ ಮೇಲೆ ಶುಭಂ ಬಂತು.

ಸಂಬಂಧಕ್ಕೆ ಹೂಂ ಅನ್ನಬೇಕಾದ ಶಿವಕಾಂತ, "ಹಂಗಾದ್ರ ಕೊಂದವ್ರು ಯಾರ್ರಿ?" ಅಂದ.

ಇಂಥ ಪ್ರಶ್ನೆಗಾಗಿ ದತ್ತಾತ್ರಿ ಅರ್ಧ ಆಯುಷ್ಯ ಕಾದಿದ್ದ. "ಸೊಸಿನೇ ರೀ. ಖರೇ ಅಳೋರ ಮೂಗು ಸೋರ್ತದ. ಆಕಿದು ನೋಡಿದ್ರ್ಯಾ, ಬ್ಯಾಸಿಗಿ ಬಾವಿ ಇದ್ದಂಗ ಒಣಾ ಒಣಾ."

"ಬರಾಬರ್ ಅಂದ್ರಿ," ಎಂದು ಶಿವಕಾಂತ ಮೀಸೆ ತಿರುವಿದ. "ಅದಕ್ಕೇ ನಾ ಅಂತೇನಿ, ಸೊಸಿ ತರೋ ಮುಂದ ಹತ್ತು ಸಲ ವಿಚಾರ ಮಾಡ್ಬೇಕು. ಅಕ್ಕಾ, ಗಡಬಡ ಮಾಡಬ್ಯಾಡ."

ಅಡುಗೆಮನೆಯಲ್ಲಿ ಒಂದು ಪಾತ್ರೆ ಬಿತ್ತು. ಬಿದ್ದದ್ದಲ್ಲ, ಸತ್ಯಮ್ಮ ಇಟ್ಟದ್ದು. ದತ್ತಾತ್ರಿಗೆ ಅದರ ಅರ್ಥ ತಿಳಿಯಿತು. ಹೆಣ್ಣು ಹೆತ್ತವನೇ ಸೊಸೆಯಂದಿರ ಕುಲಕ್ಕೆಲ್ಲ ಗಲ್ಲು ಬರೆದಿದ್ದ. ಅಷ್ಟು ವರ್ಷ ಸಾಕಿದ ಸಿದ್ಧಾಂತದ ಕತ್ತನ್ನು ಆ ಕ್ಷಣವೇ ಹಿಸುಕಿ, ಸೊಸೆಯ ವಕೀಲನಾಗಿ ಎದ್ದು ನಿಂತ. ಕಪ್ಪುಬಿಳುಪು ಚಿತ್ರದಲ್ಲಿ ಮೂಗು ಒಣಗಿದೆಯೋ ಹಸಿ ಇದೆಯೋ ಬ್ರಹ್ಮನಿಗೂ ಕಾಣದು, ಆ ಹುಡುಗಿ ಸಾಕ್ಷಾತ್ ಗೋವು ಎಂದು ವಾದಿಸಿದ. ವಾದದ ಆವೇಶದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಸೌಟು ಇದ್ದದ್ದು ಅತ್ತೆಯ ಕೈಯಲ್ಲಿ, ಅಂದಮೇಲೆ ಬೇರೆ ಸಾಕ್ಷಿ ಯಾಕೆ ಎಂದೂ ಕೇಳಿಬಿಟ್ಟ.

ಚಂದ್ರಭಾಗಾಬಾಯಿ ಚಹಾದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟರು. "ನಾವೂ ನಾಳಿ ಅತ್ತಿ ಆಗೋರೇ ಇದ್ದೇವ್ರಿ," ಅಂದರು. ಆ ಧ್ವನಿಗೆ ಚಹಾದ ಮೇಲೆ ಕೆನೆ ಕಟ್ಟಿತು.

ದತ್ತಾತ್ರಿ ಅತ್ತೆಯನ್ನೂ ನಿರಪರಾಧಿ ಎಂದು ಘೋಷಿಸಿದ. ಅತ್ತೆ ಅನ್ನಪೂರ್ಣೆ, ಮುತ್ತೈದೆ, ತನ್ನ ಕುಂಕುಮ ತಾನೇ ಅಳಿಸಿಕೊಂಡಾಳೆಯೇ? ಹಾಗಾದರೆ ಪಕ್ಕದಲ್ಲಿ ಕೂತು ಅದೇ ಅನ್ನ ಉಂಡ ಆಕೆಯ ತಮ್ಮ ಯಾಕೆ ಸಾಯಲಿಲ್ಲ? ಬಾಣ ಬಿಟ್ಟ ಮೇಲೆ ಅದು ಯಾರ ಎದೆಗೆ ನೆಟ್ಟಿತೆಂದು ಅವನಿಗೆ ಹೊಳೆಯಿತು. ಅಕ್ಕನ ಪಕ್ಕದಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದ ಶಿವಕಾಂತ ತಾಟು ಸರಿಸಿ, ಹೆಗಲ ಮೇಲಿನ ಟವೆಲ್ಲು ಜಾಡಿಸಿ, ಔರಾದಿಗೆ ಮುಂದಿನ ಬಸ್ಸು ಎಷ್ಟೊತ್ತಿಗೆಂದು ವಿಚಾರಿಸಿದ.

ಮುಗಿಯಿತು. ಬಾಗಿಲ ಸಂದಿಯಲ್ಲಿ ಮೇಘಾಳ ಕಣ್ಣು ತುಂಬಿತ್ತು. ಅವಳ ಮೂಗು ಮಾತ್ರ ಖರೇ ಖರೇ ಸೋರುತ್ತಿತ್ತು. ದತ್ತಾತ್ರಿಗೆ ಭೂಮಿ ಬಾಯಿಬಿಡಲಿ ಅನ್ನಿಸಿತು. ಕಟಕಟೆಗೆ ಹತ್ತಿಸಲು ಆ ಚಿತ್ರದಲ್ಲಿ ಇನ್ನಾರು ಉಳಿದಿದ್ದರು? ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ ಕೂಗಿದ: "ಪೇಡಾ ರೀ, ಪೇಡಾ. ವಿಷ ಪೇಡಾದಾಗ ಇತ್ತು. ಕೊಂದಾವ ಹುಡುಗಿ ಅಪ್ಪ."

ಎಲ್ಲರ ಮುಖವೂ ಒಟ್ಟಿಗೆ ಅರಳಿತು. ಶಿವಕಾಂತ ಕೂತ. ಬಸ್ಸಿಗೆ ಹಂಗ್ಯಾಕ ಓಡಿದ, ಓಡೋನೇ ಕಳ್ಳ ಅಂದ. ಆ ಅಪ್ಪನ ನಗುವೇ ತಮಗೆ ಮೊದಲಿನಿಂದ ಸೇರಿರಲಿಲ್ಲ ಎಂದರು ಚಂದ್ರಭಾಗಾಬಾಯಿ. ಅತಿ ಘೋರವಾದ ಸಾಕ್ಷಿ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂತು. "ಅಷ್ಟು ಮಾತಾಡೋ ಗಂಡಸಿನ ಮ್ಯಾಲೆ ನಂಗ ಯಾವತ್ತೂ ಸಂಶಯಾನೇ ರೀ," ಅಂದಳು ಸತ್ಯಮ್ಮ. ಮೂರು ಊರಿನ ಜನ ಒಂದೇ ಮಾತಿಗೆ ಬಂದದ್ದು ಬಹಮನಿಗಳ ಕಾಲದ ನಂತರ ಅದೇ ಮೊದಲಿರಬೇಕು.

ಮನಸ್ಸು ಕೂಡಿದ ಮೇಲೆ ಮಾತು ಕೂಡಲು ಎಷ್ಟು ಹೊತ್ತು? ಶಿವಕಾಂತ ಹೂಂ ಅಂದ, ಸಕ್ಕರೆ ಹಂಚಿದರು, ಮೇಘಾ ಹಿರಿಯರ ಕಾಲಿಗೆ ಬಿದ್ದಳು. ದತ್ತಾತ್ರಿ ನಿಟ್ಟುಸಿರು ಅರ್ಧ ಬಿಟ್ಟಿದ್ದ. ಅಷ್ಟರಲ್ಲಿ ಶಿವಕಾಂತ ಗಂಟಲು ಸರಿಮಾಡಿಕೊಂಡು, ಎರಡು ಮಾತು ಮೊದಲೇ ಪಕ್ಕಾ ಆಗಲಿ ಅಂದ. ಮದುವೆಯ ಅಡುಗೆಯವರು ಡಾಬಕಾದಿಂದ ಬರುತ್ತಾರೆ, ಹುಡುಗಿಯ ಅಪ್ಪ ಒಲೆಯ ಕಡೆ ಸುಳಿಯಬಾರದು. ನಾಗರ ಪಂಚಮಿಗೆ ಮಗಳನ್ನು ತವರಿಗೆ ಕರೆಯಲು ಭಾಲ್ಕಿಗೆ ತಾಯಿಯೇ ಬರಲಿ.

ದತ್ತಾತ್ರಿ ದಿಕ್ಕೆಟ್ಟು ಅಳಿಯನ ಕಡೆ ತಿರುಗಿದ. ಬಂದಾಗಿನಿಂದ ತುಟಿ ಬಿಚ್ಚದ ಸುಮಿತ ಮೊಟ್ಟಮೊದಲ ಬಾರಿಗೆ, ಬಹಳ ಮರ್ಯಾದೆಯಿಂದ ಬಾಯಿಬಿಟ್ಟ.

"ನೀವು ಏನೂ ಮಾಡಿಲ್ಲಂತ ನಂಗ ಗೊತ್ತದ ಮಾಮಾ. ಆದ್ರ ಸಾಕ್ಷಿ ಯಾರ್ ಹೇಳ್ತಾರ್ರಿ?"

ದತ್ತಾತ್ರಿ ಹೆಂಡತಿಯ ಮುಖ ನೋಡಿದ. ಆಕೆ ಚಂದ್ರಭಾಗಾಬಾಯಿಯ ಮಗ್ಗುಲಲ್ಲಿ ಕೂತು, ಮದುವೆಯ ದಿನ ಅಡುಗೆಮನೆಯ ಬಾಗಿಲಿಗೆ ಯಾರನ್ನು ಕಾವಲು ಇಡಬೇಕೆಂದು ಗೊತ್ತುಮಾಡುತ್ತಿದ್ದಳು.