ಬೀಗ ಹಾಕಿದ ಮನೆಯ ಸರಾಸರಿ

ಸಮೀಕ್ಷೆಯವನ ಮರ್ಯಾದೆ ದಿನಕ್ಕೆ ಎರಡು ಸಲವಾದರೂ ಹೋಗುತ್ತದೆ. ಪ್ರತಿ ಹತ್ತನೇ ಮನೆಯಲ್ಲಿ ಎಷ್ಟು ಜನ ಎಂದು ಕೇಳುವುದು, ಅದರಿಂದ ಆಯಾ ತಾಲೂಕಿನ ಮನೆಗಳ ಸರಾಸರಿ ಅಂದಾಜು ಮಾಡುವುದು ನನ್ನ ಕೆಲಸ. ಊರವರ ತಲೆ ಎಣಿಸಿ ದಾಂಡೇಲಿಯ ಕೋಣೆಗೆ ಬಂದರೆ ಅಲ್ಲಿ ಎಣಿಸಲು ನಾನೊಬ್ಬನೇ.

೧. ಬಿಟ್ಟ ಮನೆ

ಸಾಂಬ್ರಾಣಿಯಲ್ಲಿ ಒಬ್ಬ ಅಜ್ಜಿ ನನ್ನನ್ನು ಅಡ್ಡಗಟ್ಟಿದಳು. ಪಕ್ಕದ ಮನೆಯವರನ್ನು ಕೇಳಿ ತನ್ನನ್ನು ಬಿಟ್ಟದ್ದು ಅವಳಿಗೆ ಮದುವೆಗೆ ಕರೆಯದಷ್ಟು ಅವಮಾನ. ಒಂದು ಚಮಚ ಸಾರು ನೋಡಿದರೆ ಇಡೀ ಪಾತ್ರೆಯ ರುಚಿ ತಿಳಿಯುತ್ತದಲ್ಲ ಎಂದೆ.

"ತಿರುವಿ ನೋಡಬೇಕೋ ತಮ್ಮಾ. ಮ್ಯಾಲಿಂದಷ್ಟ ನೋಡಿದ್ರ ಬ್ಯಾಳಿ ತಳದಾಗ ಉಳೀತೈತಿ."

ಇದನ್ನೇ ಹೇಳಲು ನಮ್ಮ ತರಬೇತಿಯಲ್ಲಿ ಎರಡು ದಿನ ತೆಗೆದುಕೊಂಡಿದ್ದರು.

೨. ಉಂಡವರ ಲೆಕ್ಕ

ಮುಂಡಗೋಡದ ಗ್ಯಾರೇಜಿನ ಮೆಕ್ಯಾನಿಕ್ ತನ್ನ ಮನೆಯಲ್ಲಿ ಒಂಬತ್ತು ಜನ ಎಂದ. ಕಂಡವರು ಆರೇ. ಉಳಿದವರು ಮದುವೆಯಾಗಿ ಹೋದ ಮೂವರು ಹೆಣ್ಣುಮಕ್ಕಳು. ಇಲ್ಲಿ ಇದ್ದು ಉಣ್ಣುವವರನ್ನು ಮಾತ್ರ ಬರೆಯಬೇಕು ಎಂದೆ. ಅಷ್ಟರಲ್ಲಿ ಅವನು ನನಗೂ ತಟ್ಟೆ ಹಾಕಿಸಿದ್ದ. ಊಟ ಮುಗಿಯುತ್ತಲೇ, "ಹಂಗಾರ ಹೆಣ್ಣಮಕ್ಕಳನ್ನ ತೆಗೀರಿ, ನಿಮ್ಮನ್ನ ಸೇರಸ್ರಿ ಸಾಹೇಬ್ರ. ಉಂಡೀರಲ್ಲ" ಎಂದ. ನನಗೆ ನಿಜಕ್ಕೂ ಸೇರಬೇಕೆನಿಸಿತು. ಏಳು ಎಂದು ಬರೆದು, ಆಮೇಲೆ ಮನಸ್ಸಿಲ್ಲದೆ ಹೊಡೆದುಹಾಕಿ ಆರು ಮಾಡಿದೆ.

೩. ನನ್ನ ಮನೆ

ದಾಂಡೇಲಿಯ ಪಟ್ಟಿಯಲ್ಲಿ ನನ್ನ ಕೋಣೆಯೇ ಬಂತು. ಸ್ವಂತ ಓಣಿಯಲ್ಲಿ ನಾವು ಎಣಿಸುವಂತಿಲ್ಲ, ಸಹೋದ್ಯೋಗಿ ಹೋದ. ಅವನ ಹಾಳೆಯಲ್ಲಿ ಹೀಗಿತ್ತು: ಮೂರು ಸಲ ಹೋದೆ, ಬೀಗ. ಅಕ್ಕಪಕ್ಕದವರ ಪ್ರಕಾರ ಯಾರೂ ವಾಸವಿಲ್ಲ. ಬದಲಿಗೆ ಏಳು ಜನರ ಪಕ್ಕದ ಮನೆ ಬರೆದುಕೊಂಡಿದ್ದ.

ನಾನು ಸಾಹೇಬರ ಹತ್ತಿರ ಜಗಳಕ್ಕೇ ನಿಂತೆ. ಒಂಟಿ ಜನ ಹಗಲು ಮನೆಯಲ್ಲಿರುವುದಿಲ್ಲ, ಬೀಗ ಕಂಡಲ್ಲೆಲ್ಲ ತುಂಬಿದ ಮನೆ ಹಿಡಿದರೆ ಸರಾಸರಿ ಸುಳ್ಳೇ ಏರುತ್ತದೆ ಎಂದೆ. ಅದು ನನ್ನದೇ ಕೋಣೆ ಎಂದು ಮಾತ್ರ ಹೇಳಲಿಲ್ಲ. ಹಾಗಾದರೆ ನೀವೇ ಹೋಗಿ ಖಾತ್ರಿ ಮಾಡಿಕೊಂಡು ಬನ್ನಿ ಎಂದರು.

ಹೋದೆ. ಬೆಳಗಿನ ಮೊದಲ ಬಸ್ಸಿಗೆ ಹೊರಟು ಕೊನೆಯ ಬಸ್ಸಿಗೆ ಬರುವ ನಾನು ಹಗಲಲ್ಲಿ ನನ್ನ ಬಾಗಿಲು ಕಂಡದ್ದು ಅಪರೂಪ. ಪಕ್ಕದ ಮನೆಯಾಕೆ ಹೊರಗೆ ಬಂದರು.

"ಅಲ್ಲಿ ಯಾರೂ ಇಲ್ರೀ. ರೂಮ್ ನೋಡಾಕ ಬಂದೀರೇನು?"

ಮೂರು ವರ್ಷದಿಂದ ಇದ್ದೇನೆ ಎನ್ನಲು ನಾಚಿಕೆಯಾಯಿತು. ಹೌದು ಎಂದುಬಿಟ್ಟೆ. ಕುರ್ಚಿ ಹಾಕಿದರು, ಚಹಾ ಕೊಟ್ಟರು, ಯಾವ ಊರು, ಅಡುಗೆ ಯಾರು ಮಾಡುತ್ತಾರೆ ಎಂದೆಲ್ಲ ಕೇಳಿದರು. ಆ ಓಣಿಯಲ್ಲಿ ನನ್ನನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು.

"ಬಂದಬಿಡ್ರಿ. ನಮ್ಮ ಓಣ್ಯಾಗ ಒಬ್ರ ಇದ್ರೂ ಒಬ್ರ ಅನಸೂದಿಲ್ಲ."

ನಾಳೆಯೇ ಬರ್ತೇನಿ ಎಂದೆ. ಅವರು ಒಳಗೆ ಹೋಗುವವರೆಗೆ ಕಾದು, ಸದ್ದಾಗದ ಹಾಗೆ ನನ್ನ ಬೀಗ ತೆಗೆದೆ.